ತಣ್ಣಗಿದ್ದಷ್ಟೂ ಒಳ್ಳೆಯದು

"ಗುರುಗಳೇ, ಒಬ್ಬನ ಕೈಯಿಂದ ಒಂದು ತಪ್ಪು ನಡೆದಿದೆ ಎನ್ನೋಣ. ಅದು ಅವನದೆಂದು ಯಾರಿಗೂ ಗೊತ್ತಿಲ್ಲ. ನೊಂದವರು ತಮ್ಮ ಹಣೆಬರಹ ಎಂದುಕೊಂಡು ಸುಮ್ಮನಾಗಿದ್ದಾರೆ. ಈಗ ಹೋಗಿ ಹೇಳಿದರೆ ಯಾರಿಗೆ ಏನು ಪ್ರಯೋಜನ? ಮಾಯುತ್ತಿರುವ ಗಾಯವನ್ನು ಕೆದಕಿದಂತೆ ಆಗುವುದಿಲ್ಲವೇ?"

ಕೇಳಿದವನು ಬಸಲಿಂಗ. ಫ್ರಿಜ್ ದುರಸ್ತಿಯನ್ನು ಕಲಿಯಲು ಬಂದು ಅವನಿಗೆ ಮೂರು ವರ್ಷವಾಗಿತ್ತು. ಒಂದು ವರ್ಷದಿಂದ ಒಬ್ಬನೇ ಮನೆಗಳಿಗೆ ಹೋಗಿ ಕೆಲಸ ಮಾಡಿ ಬರುತ್ತಿದ್ದ. ಉಳಿದ ಶಿಷ್ಯರು ಊಟಕ್ಕೆ ಎದ್ದು ಹೋಗಿದ್ದರು. ಇವನು ಹೋಗಿರಲಿಲ್ಲ.

ಗುರುಗಳು ಕೈಯಲ್ಲಿದ್ದ ತಾಮ್ರದ ಕೊಳವೆಯನ್ನು ಕೆಳಗಿಟ್ಟರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಒಳ್ಳೆಯ ಹೆಸರಿತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಫ್ರಿಜ್ ತಣ್ಣಗಾಗುವುದು ಹೇಗೆ ಎಂದು ಅವನು ಚೆನ್ನಾಗಿ ಬಲ್ಲ. ಕಂಪ್ರೆಸರ್ ಗ್ಯಾಸನ್ನು ಕೊಳವೆಗಳಲ್ಲಿ ಸುತ್ತಿಸುತ್ತದೆ. ಆ ಗ್ಯಾಸು ಮೇಲಿನ ಫ್ರೀಜರಿನ ಗೋಡೆಗಳಲ್ಲಿ ಹರಿದು ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಹಿಂಬದಿಯ ಕಪ್ಪು ಜಾಲರಿಗೆ ಬಂದು ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟುಬಿಡುತ್ತದೆ. ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಥರ್ಮೋಸ್ಟಾಟ್ ತೀರ್ಮಾನಿಸುತ್ತದೆ. ಒಳಗೆ ಇರುವ ಗುಂಡಿಯ ಮೇಲಿನ ಒಂದು, ಎರಡು, ಏಳು ಎಂಬ ಅಂಕೆಗಳು ಡಿಗ್ರಿಗಳಲ್ಲ. ಅಂಕೆ ಹೆಚ್ಚಾದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಅಷ್ಟೇ. ಇವೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

ಅದೇ ಊರಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ಅವನ ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು. ಉಳಿದವರ ಹೆಸರು ಬೇಡ, ಅವಳ ಹೆಸರು ಹೇಳುತ್ತೇನೆ. ಸಿಂಚನಾ. ಹನ್ನೊಂದು ವರ್ಷ. ಏಳನೆಯ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಬೇಕು. ಚುಚ್ಚಿದರೆ ಎಲ್ಲ ಮಕ್ಕಳಂತೆ ಓಡಾಡಿಕೊಂಡಿರುತ್ತಾಳೆ. ಆ ಔಷಧಿಗಾಗಿಯೇ ಅವರು ಫ್ರಿಜ್ ಕೊಂಡಿದ್ದರು.

ಬೇಸಿಗೆ ಬಂತು. ಫ್ರಿಜ್ಜಿನಲ್ಲಿಟ್ಟ ಹಾಲು ಎರಡು ದಿನ ಒಡೆಯಿತು. ತಾಯಿ ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಕರೆಸಿದಳು.

ಅವನು ನೋಡಿದ. ನೋಡಿದ ಕೂಡಲೇ ತಿಳಿಯಿತು. ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಹಿಂದಿನ ಜಾಲರಿಯಲ್ಲಿ ಹೊಲಿಗೆಯ ನೂಲು, ದೂಳು ತುಂಬಿತ್ತು. ಬಿಸಿ ಹೊರಗೆ ಹೋಗಲು ದಾರಿಯಿರಲಿಲ್ಲ. ಬಾಗಿಲಿನ ರಬ್ಬರು ಒಂದು ಮೂಲೆಯಲ್ಲಿ ಸಡಿಲವಾಗಿತ್ತು. ಫ್ರಿಜ್ಜನ್ನು ಎಳೆದು, ಜಾಲರಿ ಒರೆಸಿ, ರಬ್ಬರು ಕೂಡಿಸಲು ಒಂದು ಗಂಟೆಯ ಕೆಲಸ. ಆ ದಿನ ಅವನಿಗೆ ಇನ್ನೂ ಒಂಬತ್ತು ಮನೆಗಳಿದ್ದವು. ಅವನು ಬಾಗಿಲು ತೆರೆದು, ಮೂರರಲ್ಲಿದ್ದ ಗುಂಡಿಯನ್ನು ಏಳಕ್ಕೆ ತಿರುಗಿಸಿದ. ಏಳೇ ಕೊನೆಯ ಅಂಕೆ.

"ಇಷ್ಟೇನಾ ಅಣ್ಣಾ? ಒಳಗೆ ಮಗಳ ಔಷಧಿ ಇದೆ. ಏನೂ ಆಗೋದಿಲ್ಲವಲ್ಲ?" ಎಂದು ತಾಯಿ ಕೇಳಿದಳು.

"ಔಷಧಿಗೆ ತಣ್ಣಗಿದ್ದಷ್ಟೂ ಒಳ್ಳೆಯದು ಅಕ್ಕಾ" ಎಂದ ಅವನು. ಎಂಥ ಔಷಧಿ ಎಂದು ಕೇಳಲಿಲ್ಲ. ಔಷಧಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಗೆ ಬರಲಿಲ್ಲ.

ಮಾರನೆಯ ದಿನದಿಂದ ಹಾಲು ಒಡೆಯಲಿಲ್ಲ. ತಾಯಿ ಅಕ್ಕಪಕ್ಕದವರಿಗೆ ಅವನ ಹೆಸರು ಹೇಳಿ ಹೊಗಳಿದಳು. ಅವನ ಮಾತು ನೆನಪಿಟ್ಟುಕೊಂಡು, ಕೆಳಗಿನ ತಟ್ಟೆಯಲ್ಲಿದ್ದ ಇನ್ಸುಲಿನ್ ಸೀಸೆಗಳನ್ನು ತೆಗೆದು ಫ್ರೀಜರಿಗೆ ತಾಗಿದ ಮೇಲಿನ ತಟ್ಟೆಯಲ್ಲಿ ಇಟ್ಟಳು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ತಣ್ಣಗಿರುತ್ತದೆ.

ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಹೊರಗಿನ ಸೆಕೆಗೆ ಏಳರ ಅಂಕೆ ಸರಿಯಾಗಿ ಸಾಲುತ್ತಿತ್ತು. ಆಮೇಲೆ ಮಳೆಗಾಲ ಹಿಡಿಯಿತು. ಮನೆಯೊಳಗೆ ಗಾಳಿ ತಂಪಾಯಿತು. ಗುಂಡಿ ಏಳರಲ್ಲೇ ಇತ್ತು. ಮಳೆ ಬಿದ್ದ ಮೇಲೆ ಇಳಿಸಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಂಪ್ರೆಸರ್ ಬಿಡುವಿಲ್ಲದೆ ಓಡಿತು. ಮುಂಜಾನೆ ಮೊದಲ ಬಾರಿ ಬಾಗಿಲು ತೆರೆದಾಗ ಸೀಸೆಯೊಳಗೆ ತೆಳ್ಳಗೆ ಮಂಜಿನ ಎಳೆಗಳು ಕಾಣುತ್ತಿದ್ದವು. ತಾಯಿ ಅದನ್ನು ನೋಡಿ ಸಮಾಧಾನಪಟ್ಟಳು. ಔಷಧಿ ಕೆಟ್ಟಿಲ್ಲ ಎಂದುಕೊಂಡಳು. ಸೀಸೆಯನ್ನು ಎರಡು ಅಂಗೈಗಳ ನಡುವೆ ಇಟ್ಟು, ಕರಗುವ ತನಕ ಉಜ್ಜಿ, ಮಗಳಿಗೆ ಚುಚ್ಚಿದಳು.

ಸಿಂಚನಾಳ ಸಕ್ಕರೆ ಏರತೊಡಗಿತು. ನೀರು ಕುಡಿದಷ್ಟೂ ದಾಹ. ಮೈ ಇಳಿಯಿತು. ಡಾಕ್ಟರು ಮಗುವಿನ ಮುಖ ನೋಡಿ, "ಏನು ತಿನ್ನುತ್ತಿದ್ದೀ?" ಎಂದು ಕೇಳಿದರು. ಇನ್ಸುಲಿನ್ ಪ್ರಮಾಣ ಹೆಚ್ಚಿಸಿದರು. ಹೆಚ್ಚಿಸಿದ್ದೂ ಅದೇ ತಟ್ಟೆಯ ಸೀಸೆಗಳಿಂದಲೇ. ಎರಡು ತಿಂಗಳ ಔಷಧಿಯನ್ನು ಅವರು ಒಮ್ಮೆಗೇ ತಂದಿಡುತ್ತಿದ್ದರು.

ಮನೆಗೆ ಬಂದು ತಾಯಿ ಬೆಲ್ಲದ ಡಬ್ಬಿಗೆ ಬೀಗ ಹಾಕಿದಳು. ಮಗಳ ಶಾಲೆಯ ಚೀಲ ಸುರಿದು ನೋಡಿದಳು. ಒಂದು ಚಾಕೊಲೇಟಿನ ಹೊದಿಕೆ ಸಿಕ್ಕಿತು. ಬಂಗಾರದ ಬಣ್ಣದ ಕಾಗದ.

"ಅವ್ವಾ, ನಾನು ತಿಂದಿಲ್ಲ. ಗೆಳತಿಯ ಹುಟ್ಟುಹಬ್ಬಕ್ಕೆ ಕೊಟ್ಟರು. ಚಾಕೊಲೇಟ್ ಅವಳಿಗೇ ವಾಪಸ್ ಕೊಟ್ಟೆ. ಕಾಗದ ಚೆನ್ನಾಗಿತ್ತು, ಇಟ್ಟುಕೊಂಡೆ."

ತಾಯಿ ನಂಬಲಿಲ್ಲ. ತಂದೆಯೂ ನಂಬಲಿಲ್ಲ. ಅವನು ಹೊಡೆಯುವ ಮನುಷ್ಯನಲ್ಲ. "ನಿಜ ಹೇಳುವ ತನಕ ನನ್ನ ಹತ್ತಿರ ಬರಬೇಡ" ಎಂದ. ಅಂದಿನಿಂದ ಮಗಳ ಜೊತೆ ಮಾತು ಬಿಟ್ಟ. ಡ್ಯೂಟಿ ಮುಗಿಸಿ ಬಂದರೆ ಮಗಳು ನೀರು ತಂದು ಇಡುತ್ತಿದ್ದಳು. ಅವನು ಕುಡಿಯುತ್ತಿದ್ದ. ಅವಳ ಕಡೆ ನೋಡುತ್ತಿರಲಿಲ್ಲ. ಹೀಗೆ ಹದಿನಾರು ದಿನ ನಡೆಯಿತು.

ನಾಗರ ಪಂಚಮಿಗೆ ನಾಲ್ಕು ದಿನ ಇತ್ತು. ಓಣಿಯ ಮನೆಗಳಲ್ಲಿ ಬೆಲ್ಲದ ಉಂಡಿ ಕಟ್ಟುತ್ತಿದ್ದರು. ಆ ದಿನ ಬೆಳಿಗ್ಗೆ ಸಿಂಚನಾ ಎರಡು ಸಲ ವಾಂತಿ ಮಾಡಿದಳು. ಉಸಿರು ಜೋರಾಯಿತು. ಯಾರ ಮನೆಯಲ್ಲಿ ಉಂಡಿ ತಿಂದೆ ಎಂದು ತಾಯಿ ಗದರಿಸಿದಳು. ಆಮೇಲೆ ಹೆದರಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ದಾರಿಯಲ್ಲಿ ಮಗು, "ತಿಂದಿಲ್ಲ ಅವ್ವಾ" ಎಂದು ಎರಡು ಸಲ ಹೇಳಿತು. ತಾಯಿ, "ಸುಮ್ಮನಿರು" ಎಂದಳು. ಮಗು ಸುಮ್ಮನಾಯಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿತು. ತಂದೆ ಬಸ್ಸಿನಿಂದ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡು ತಿಂಗಳ ಮೇಲೆ ತಾಯಿ ಮತ್ತೆ ಮೆಕ್ಯಾನಿಕ್‌ನನ್ನು ಕರೆಸಿದಳು. ಫ್ರೀಜರಿನ ಸುತ್ತ ಮಂಜುಗಡ್ಡೆ ಬೆಳೆದು ಬಾಗಿಲು ಮುಚ್ಚುತ್ತಿರಲಿಲ್ಲ. ಅವನು ಬಂದು ಗುಂಡಿ ನೋಡಿದ. ತಾನು ತಿರುಗಿಸಿದಲ್ಲೇ ಇತ್ತು. ಮೇಲಿನ ತಟ್ಟೆಯಲ್ಲಿ ಮೂರು ಸೀಸೆಗಳು ಮಂಜಿಗೆ ಅಂಟಿಕೊಂಡಿದ್ದವು. ಇವು ಯಾರವು ಎಂದು ಕೇಳಿದ.

"ಮಗಳವು. ಅವಳಿಲ್ಲ. ಕದ್ದು ಸಿಹಿ ತಿಂದು ಜೀವ ಕಳಕೊಂಡಳು. ಕೊನೆಯ ತನಕ ಸುಳ್ಳು ಹೇಳಿದಳು" ಎಂದಳು ತಾಯಿ. ಅಳಲಿಲ್ಲ. ಬಹಳ ಸಲ ಹೇಳಿದ ಮಾತಾಗಿತ್ತು.

ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಒಂದು ಸೀಸೆಯನ್ನು ಕೇಳಿ ಪಡೆದು ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಹೇಳಿದ: ಇನ್ಸುಲಿನ್ ಬೆಚ್ಚಗಿನ ಕಡೆ ಬಹಳ ದಿನ ಇಟ್ಟರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿ ಕರಗಿದ್ದನ್ನು ನಂಬುವ ಹಾಗಿಲ್ಲ. ಎಷ್ಟೋ ಸಲ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಚುಚ್ಚಿದರೆ ನೀರು ಚುಚ್ಚಿದ ಹಾಗೆ.

ಮೆಕ್ಯಾನಿಕ್ ಹಿಂದಿರುಗಿ ಬಂದ. ಫ್ರಿಜ್ಜನ್ನು ಗೋಡೆಯಿಂದ ಎಳೆದ. ಮಂಜು ಕರಗಿಸಿದ. ಜಾಲರಿಯ ದೂಳನ್ನು ಬ್ರಷ್ಷಿನಿಂದ ತೆಗೆದ. ಬಾಗಿಲಿನ ರಬ್ಬರು ಬದಲಿಸಿದ. ಗುಂಡಿಯನ್ನು ಮೂರಕ್ಕೆ ತಂದು, ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ಸಂಜೆಯ ತನಕ ಕಾದು ನೋಡಿದ. ನಾಲ್ಕು ಡಿಗ್ರಿ. ಬೇಸಿಗೆಯಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಒಂದೂ ಬಿಡದೆ ಮಾಡಿದ. ಆದರೆ ಮಾತು ಮಾತ್ರ ಆಡಲಿಲ್ಲ.

ಆಡಬಾರದೆಂದು ಅವನೇನೂ ಆ ದಿನ ನಿಶ್ಚಯ ಮಾಡಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ನಾಳೆ ಬಂದಾಗ ಬೇರೆ ಯೋಚನೆ ಬಂತು. ಆ ತಾಯಿ ಹೇಗೋ ಬದುಕುತ್ತಿದ್ದಾಳೆ. ನಿನ್ನ ಕೈಯಾರೆ ನೀರು ಚುಚ್ಚಿದೆ, ನಿಜ ಹೇಳಿದ ಮಗುವನ್ನು ಸುಳ್ಳಿ ಎಂದೆ ಎಂದು ಹೇಳಿ ಅವಳನ್ನು ಇನ್ನೊಮ್ಮೆ ಕೊಲ್ಲಬೇಕೇ? ಹೇಳದಿರುವುದೇ ದಯೆ ಎಂದು ತನಗೆ ತಾನೇ ಒಪ್ಪಿಸಿಕೊಂಡ. ಅದರಲ್ಲಿ ದಯೆ ಸ್ವಲ್ಪ ಇತ್ತು. ಹೆದರಿಕೆ ಹೆಚ್ಚು ಇತ್ತು. ಅವನು ಆ ಓಣಿಯಲ್ಲಿ ಹೋಗುವುದನ್ನು ಬಿಟ್ಟ. ಯಾವ ಮನೆಗೆ ಹೋದರೂ ಮೊದಲು ಒಳಗೆ ಏನಿಟ್ಟಿದ್ದೀರಿ ಎಂದು ಕೇಳಿ ತಿಳಿದು ಆಮೇಲೆ ಗುಂಡಿ ಮುಟ್ಟುವುದನ್ನು ರೂಢಿ ಮಾಡಿಕೊಂಡ. ಹಾಗೆ ಆರು ವರ್ಷ ಕಳೆಯಿತು.

ಆರನೆಯ ವರ್ಷದ ಪಂಚಮಿಯ ಸಮಯದಲ್ಲಿ ಒಂದು ದುರಸ್ತಿಗಾಗಿ ಅವನು ಆ ಓಣಿಗೆ ಹೋಗಲೇಬೇಕಾಯಿತು. ಒಂದು ಮನೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಉಂಡಿಯ ಡಬ್ಬಿಗೆ ಕೈ ಹಾಕಿದಳು. ಅವಳ ಅಜ್ಜಿ ಕೈಮೇಲೆ ಹೊಡೆದು, "ಸಿಂಚನಾ ಆಗ್ತೀಯೇನೇ?" ಎಂದಳು. ಆ ಹುಡುಗಿಗೆ ಸಿಂಚನಾ ಯಾರೆಂದು ಗೊತ್ತಿರಲಿಲ್ಲ. ಅವಳು ಹುಟ್ಟುವ ಮೊದಲೇ ಆ ಮಗು ಸತ್ತಿತ್ತು. ಆದರೂ ಕೂಡಲೇ ಕೈ ಹಿಂದಕ್ಕೆ ತೆಗೆದಳು. ಕದ್ದು ತಿನ್ನುವ ಹುಡುಗಿಗೆ ಆ ಓಣಿಯಲ್ಲಿ ಅದೇ ಹೆಸರಾಗಿತ್ತು.

ಮೆಕ್ಯಾನಿಕ್ ಉಪಕರಣಗಳ ಚೀಲವನ್ನು ಅಲ್ಲೇ ಬಿಟ್ಟು ಎದ್ದ. ನೇರವಾಗಿ ಆ ತಾಯಿಯ ಮನೆಗೆ ಹೋದ. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಗುಂಡಿ ತಿರುಗಿಸಿದ್ದು, ತಿಳಿಯದೆ ಆಡಿದ ಮಾತು, ಸೀಸೆ, ಅಂಗಡಿಯವನು ಹೇಳಿದ್ದು, ತಾನು ಸುಮ್ಮನಿದ್ದದ್ದು.

ಯಂತ್ರ ನಿಂತಿತ್ತು. ಅವನು ಬೈಗುಳಕ್ಕೆ ಕಾದ. ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧನಾಗಿದ್ದ.

"ಹಾಗಾದರೆ ಅವಳು ತಿಂದಿರಲಿಲ್ಲವೇ?" ಎಂದು ಅವಳು ಕೇಳಿದಳು.

"ಇಲ್ಲ ಅಕ್ಕಾ."

"ಇದನ್ನು ಅವರಿಗೆ ಹೇಳಬೇಕಿತ್ತು" ಎಂದಳು. ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ಕಂಡಕ್ಟರನ ಫೋಟೋ ಇತ್ತು. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಸುಳ್ಳಿ ಎಂದು ನಂಬಿಕೊಂಡೇ ಹೋಗಿದ್ದ. ಹದಿನಾರು ದಿನ ಮಾತು ಬಿಟ್ಟದ್ದು ಸರಿಯಾಗಿತ್ತೋ ತಪ್ಪಾಗಿತ್ತೋ ಎಂದು ಸಾಯುವ ವಾರವೂ ಹೆಂಡತಿಯನ್ನು ಕೇಳಿದ್ದ. ಸರಿಯಾಗಿತ್ತು ಎಂದು ಅವಳು ಹೇಳಿದ್ದಳು.

ಅವಳು ಎದ್ದಳು. ಸೆರಗು ಸರಿಮಾಡಿಕೊಂಡಳು. ಮೆಕ್ಯಾನಿಕ್‌ನನ್ನು ದಾಟಿ ಓಣಿಗೆ ಇಳಿದಳು. ಮೊದಲ ಮನೆಯ ಬಾಗಿಲು ತಟ್ಟಿ, "ನನ್ನ ಮಗಳು ತಿಂದಿರಲಿಲ್ಲ" ಎಂದಳು. ಎರಡನೆಯ ಮನೆಗೆ ಹೋದಳು. ಅಲ್ಲಿಯೂ ಅದನ್ನೇ ಹೇಳಿದಳು. ಕೆಲವರು ಕೈಹಿಡಿದು ಕೂರಿಸಲು ಬಂದರು. ಅವಳು ಕೂರಲಿಲ್ಲ. ಕೆಲವು ಮನೆಗಳಿಗೆ ಹೊಸ ಬಾಡಿಗೆಯವರು ಬಂದಿದ್ದರು. "ಯಾವ ಮಗಳು?" ಎಂದು ಅವರು ಕೇಳಿದರು. ಅವಳು ಅವರಿಗೂ ಮೊದಲಿನಿಂದ ಹೇಳಿದಳು. ಡಾಕ್ಟರು ಊರು ಬಿಟ್ಟಿದ್ದರು. ಶಾಲೆಯ ಆ ಗೆಳತಿ ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಕತ್ತಲಾಗುವ ತನಕ ಅವಳು ನಡೆದಳು. ಮೆಕ್ಯಾನಿಕ್ ಹಿಂದೆ ಹಿಂದೆ ಹೋದ. ಕೇಳಿದವರಿಗೆ, "ಹೌದು, ತಪ್ಪು ನನ್ನದು" ಎಂದ. ಯಾರೂ ಅವನನ್ನು ಬಯ್ಯಲಿಲ್ಲ. ಎಲ್ಲರೂ ಆ ತಾಯಿಯನ್ನೇ ನೋಡುತ್ತಿದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಬಸಲಿಂಗ ನೆಲ ನೋಡುತ್ತ, "ಗುರುಗಳೇ, ಆ ತಾಯಿ ಅವನನ್ನು ಕ್ಷಮಿಸಿದಳೇ?" ಎಂದು ಕೇಳಿದ.

ಗುರುಗಳು ಅವನ ಮುಖವನ್ನು ನೋಡಿ ಹೇಳಿದರು: "ಅದಿರಲಿ, ನೀನು ಹೋಗಬೇಕಾದ ಮನೆ ಯಾವ ಊರಿನಲ್ಲಿದೆ?"