ಪೇಟದೊಳಗಿನ ಟೋಪಿ

“ಗುರುಗಳೇ, ಒಂದು ಅಂಗಡಿಯಲ್ಲಿ ಜರಿಪೇಟಕ್ಕೆ ಹತ್ತು ಹೊನ್ನು, ಪಕ್ಕದ ಅಂಗಡಿಯಲ್ಲಿ ಮೂವತ್ತು. ತಲೆಯೂ ಅದೇ, ಬಿಸಿಲೂ ಅದೇ. ಮೂವತ್ತು ಕೊಟ್ಟು ಕೊಳ್ಳುವವನು ಮೂರ್ಖನಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಬೋಳುತಲೆಯನ್ನು ನೋಡಿ ನಕ್ಕರು. “ನಿನಗಂತೂ ಎರಡೂ ಬೇಡ. ಆದರೂ ಕೇಳಿದೆಯಲ್ಲ, ಕೂತುಕೋ” ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಎಳವೆಯಲ್ಲಿ ಗಾಡಿಯಿಂದ ಬಿದ್ದು ಅವನ ತಲೆಯ ಎಡಭಾಗ ಕುಳಿಬಿದ್ದಿತ್ತು. ಹುಟ್ಟಿದೂರಿನವರು ಅವನನ್ನು ಗುಳಿತಲೆ ಎಂದೇ ಕರೆದರು. ಆ ಹೆಸರು ತಾಳಲಾರದೆ ಅವನು ಊರು ಬಿಟ್ಟ, ಪರ ಊರಿನಲ್ಲಿ ವ್ಯಾಪಾರ ಮಾಡಿ ದೊಡ್ಡವನಾದ. ಅಲ್ಲಿ ಅವನ ಬರಿದಲೆಯನ್ನು ಮನೆಯವರ ಹೊರತು ಯಾರೂ ಕಂಡಿರಲಿಲ್ಲ. ಕುಳಿಯ ಜಾಗಕ್ಕೆ ಬಟ್ಟೆ ತುರುಕಿ ಮೇಲೆ ಪೇಟ ತೊಡುತ್ತಿದ್ದ. ಒಮ್ಮೆ ಯಾರದೋ ಮನೆಯ ಊಟದಲ್ಲಿ ಆ ಬಟ್ಟೆ ಜಾರಿ ಎಲೆಯ ಪಕ್ಕಕ್ಕೇ ಬಿತ್ತು. ಅವನು ಅದರಲ್ಲೇ ಬಾಯಿ ಒರೆಸಿಕೊಂಡು ಮಾನ ಉಳಿಸಿಕೊಂಡ.

ಮಗಳಿಗೆ ಮದುವೆ ಗೊತ್ತಾಯಿತು. ಆ ಸೀಮೆಯಲ್ಲಿ ಒಂದು ಪದ್ಧತಿ. ಧಾರೆಯಾದ ಮೇಲೆ ಬೀಗರಿಬ್ಬರೂ ಚಪ್ಪರದ ನಡುವೆ ನಿಲ್ಲಬೇಕು. ಇವನ ಪೇಟವನ್ನು ಅವನು ತೆಗೆದು ತಾನು ತೊಡಬೇಕು, ಅವನದನ್ನು ಇವನು ತೊಡಬೇಕು. ಅಷ್ಟಾದರೆ ಎರಡು ಮನೆ ಒಂದಾದಂತೆ. ಆ ಒಂದು ಗಳಿಗೆ ತಲೆ ಎಲ್ಲರ ಮುಂದೆ ಬರಿದಾಗುತ್ತದೆ. ತನ್ನನ್ನು ಗುಳಿತಲೆ ಎನ್ನಲಿ, ಹೇಗೋ ತಡೆದುಕೊಳ್ಳುತ್ತೇನೆ. ಮಗಳನ್ನು ಗಂಡನ ಮನೆಯಲ್ಲಿ ಗುಳಿತಲೆಯ ಮಗಳು ಎಂದರೆ? ವರ್ತಕನಿಗೆ ಅನ್ನ ಸೇರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಪೇಟ ಎಷ್ಟು ಚೆನ್ನಾಗಿರಬೇಕೆಂದರೆ, ಅದು ಬೀಗನ ತಲೆಗೆ ಹೋಗುವಾಗ ಜನರ ಕಣ್ಣೆಲ್ಲ ಅದರ ಹಿಂದೆಯೇ ಹೋಗಬೇಕು. ತನ್ನ ತಲೆಯನ್ನು ಯಾರೂ ನೋಡಬಾರದು. ಹೆದರಿದವನ ಉಪಾಯಗಳು ಹೀಗೇ ಇರುತ್ತವೆ.

ಊರಿನ ಹೆಸರಾಂತ ಪೇಟಗಾರನಲ್ಲಿಗೆ ಹೋದ. ಪೇಟಗಾರ ಅವನನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಎರಡೂ ಅಂಗೈಯಲ್ಲಿ ತಲೆಯನ್ನು ಹಿಡಿದ. ಅವನು ದಾರದಲ್ಲಿ ಅಳೆಯುವವನಲ್ಲ, ಕೈಯಲ್ಲಿ ಅಳೆಯುವವನು. ಎಡಗೈ ಕುಳಿಯ ಮೇಲೆ ತುಸು ಹೊತ್ತು ನಿಂತಿತು. ವರ್ತಕ ಏನು ಹೇಳುವುದೆಂದು ತಡವರಿಸುತ್ತಿದ್ದ. ಪೇಟಗಾರ ಕೇಳಿದ್ದು, ಅಂಚು ಕೆಂಪಿರಲೋ ಹಸಿರೋ ಎಂದಷ್ಟೇ.

ಹೊರಗೆ ಬಂದ ಮೇಲೆ, ಕಾಯುತ್ತಿದ್ದ ಗಿರಾಕಿಗಳ ಮುಂದೆಯೇ ವರ್ತಕ ಬೆಲೆ ಕೇಳಿದ. ಪೇಟಗಾರ ಹೇಳಿದ, ಮೂವತ್ತು ಹೊನ್ನು.

“ಎಲ್ಲ ಕಡೆ ಹತ್ತು. ನಿನ್ನ ಜರಿ ಏನು ದೇವಲೋಕದಿಂದ ಬಂತೇನಪ್ಪ?” ಎಂದ ವರ್ತಕ.

“ಜರಿ ಎಲ್ಲರದೂ ಒಂದೇ, ಧಣಿ. ಬೆಲೆ ಮೂವತ್ತು.”

ವರ್ತಕನಿಗೆ ಸಿಟ್ಟು ಬಂತು. ನನ್ನ ಕುಳಿ ನೋಡಿದ, ನನ್ನ ಅವಸರ ನೋಡಿದ, ಬೆಲೆ ಏರಿಸಿದ ಎಂದುಕೊಂಡ. ಬೇರೆ ದಾರಿಯಿಲ್ಲದೆ ಕೊಟ್ಟ. ಆದರೆ ಹೋದಲ್ಲೆಲ್ಲ ಹೇಳಿದ, ಆ ಪೇಟಗಾರ ಹೊರಗೆ ಥಳಕು ಒಳಗೆ ಹುಳುಕು, ಅವನ ಅಂಗಡಿಗೆ ಹೋದರೆ ತಲೆ ಬೋಳಿಸಿಯೇ ಕಳಿಸುತ್ತಾನೆ ಎಂದು. ದೊಡ್ಡವರ ಮಾತು. ಜನ ನಂಬಿದರು.

ಮದುವೆಯ ದಿನ ಪೇಟ ತಲೆಯ ಮೇಲೆ ಕೂತ ರೀತಿಗೆ ಅವನೇ ಬೆರಗಾದ. ಬಟ್ಟೆ ತುರುಕುವ ಅಗತ್ಯವೇ ಬೀಳಲಿಲ್ಲ. ಧಾರೆಯಾಯಿತು. ಬೀಗ ಮುಂದೆ ಬಂದು ಎರಡೂ ಕೈಯಿಂದ ಅವನ ಪೇಟವನ್ನು ಎತ್ತಿದ. ವರ್ತಕ ಕಣ್ಣು ಮುಚ್ಚಿ ನಗುವಿಗಾಗಿ ಕಾದ. ಯಾರೂ ನಗಲಿಲ್ಲ.

ಅವನು ಮೆಲ್ಲಗೆ ತಲೆ ಮುಟ್ಟಿ ನೋಡಿಕೊಂಡ. ಪೇಟದ ಒಳಗೆ, ಅವನು ಬರೀ ಒಳಪದರ ಎಂದುಕೊಂಡಿದ್ದ ಕಡೆ, ಇನ್ನೊಂದು ತೆಳು ರೇಷ್ಮೆಯ ಟೋಪಿಯಿತ್ತು. ಪೇಟ ಹೋಗಿತ್ತು, ಅದು ಉಳಿದಿತ್ತು. ಪೇಟಗಾರ ಅದರೊಳಗೆ ಎಳೆ ಎಳೆಯಾಗಿ ಹತ್ತಿಯಿಟ್ಟು ಕುಳಿಯನ್ನು ತುಂಬಿದ್ದ. ಎಲ್ಲರ ತಲೆಯಂತೆ ಅವನ ತಲೆಯೂ ದುಂಡಗಿತ್ತು. ಬೀಗನ ಪೇಟ ಅದರ ಮೇಲೆ ನೆಟ್ಟಗೆ ಕೂತಿತು. ವರ್ತಕ ಅತ್ತುಬಿಟ್ಟ. ಮಗಳನ್ನು ಕಳಿಸುವ ದುಃಖ ಎಂದು ಜನ ಸಮಾಧಾನ ಹೇಳಿದರು. ಅವನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಅವ್ವ ಸತ್ತ ಮೇಲೆ ನನ್ನ ಈ ತಲೆಯ ಬಗ್ಗೆ ಇಷ್ಟು ಅಕ್ಕರೆ ಯಾರಿಗಿತ್ತು?

ಮದುವೆಯ ಗದ್ದಲ ಮುಗಿದದ್ದೇ ಅಂಗಡಿಗೆ ಹೋದ. ಅಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ.

“ಒಳಗಿನ ಟೋಪಿಯ ಬೆಲೆ ಹೇಳು.”

“ಕೊಟ್ಟಿದ್ದೀರಲ್ಲ ಧಣಿ. ಪೇಟಕ್ಕೆ ಹತ್ತು, ಅದಕ್ಕೆ ಇಪ್ಪತ್ತು. ಕೆಲಸ ಹಿಡೀತು.”

“ಅವತ್ತೇ ಬಿಡಿಸಿ ಹೇಳಬಾರದಿತ್ತೇ? ನಾನು ಊರೆಲ್ಲ ನಿನ್ನ ಬೈದುಕೊಂಡು ತಿರುಗಿದೆ.”

“ಕೇಳಿದೆ. ಆದರೆ ಅವತ್ತು ನಾಲ್ಕು ಜನ ಇದ್ದರು. ಬಿಡಿಸಿ ಹೇಳಿದ್ದರೆ ಇಪ್ಪತ್ತು ಯಾತಕ್ಕೆ ಅಂತ ಕೇಳೋರು.”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ವರ್ತಕ ತಾನು ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಹೋದರೆ, ಅದೇ ಇಪ್ಪತ್ತು ಯಾತಕ್ಕೆ ಎಂದು ಜನ ಕೇಳುತ್ತಾರೆ. ಕೇಳಿದರೆ ತೋರಿಸಬೇಕು. ಸುಮ್ಮನಿದ್ದರೆ ತನ್ನ ತಲೆಯೂ ಮಗಳ ಮಾನವೂ ಉಳಿಯುತ್ತವೆ, ಪೇಟಗಾರನ ಅಂಗಡಿ ಮುಳುಗುತ್ತದೆ. ವರ್ತಕ ಅದನ್ನೇ ಯೋಚಿಸುತ್ತ ಮನೆಗೆ ಹೋದ.

ಮರುದಿನ ಸಂತೆ. ಜನ ತುಂಬಿದ್ದಾಗ ವರ್ತಕ ಒಂದು ಗಾಡಿಯ ಮೇಲೆ ಹತ್ತಿ ನಿಂತ. ಪೇಟ ತೆಗೆದ. ಒಳಗಿನ ಟೋಪಿಯನ್ನೂ ತೆಗೆದ.

“ನೋಡ್ರಪ್ಪ, ನನ್ನ ತಲೆ ಇದು. ನನ್ನ ಮಗಳ ಮದುವೇಲಿ ಇದು ಯಾರ ಕಣ್ಣಿಗೂ ಬೀಳದ ಹಾಗೆ ಕಾದವನು ಆ ಪೇಟಗಾರ. ನನ್ನ ಬಾಯಿಂದ ಬೈಸಿಕೊಂಡ, ಗುಟ್ಟು ಬಿಡಲಿಲ್ಲ. ಅವನು ತಗೊಂಡ ಮೂವತ್ತು ಬಹಳ ಕಡಿಮೆ” ಎಂದ.

ಪೇಟಗಾರ ಜನರ ನಡುವಿನಿಂದ ನುಗ್ಗಿ ಬಂದು ಗಾಡಿಯ ಪಕ್ಕದಲ್ಲಿ ನಿಂತ. ಅವನ ಕಣ್ಣು ತುಂಬಿತ್ತು. “ಸಾಕು ಧಣಿ, ಬಿಸಿಲಿದೆ. ತಲೆಗೆ ಹಾಕ್ಕೊಳ್ಳಿ” ಎಂದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಶಿಷ್ಯ ಬಿಡಲಿಲ್ಲ. “ಗುಟ್ಟು ಬಯಲಾಯಿತಲ್ಲ, ಗುರುಗಳೇ. ಹಾಗಾದರೆ ಆ ಇಪ್ಪತ್ತು ಹೊನ್ನು ದಂಡವೇ ಆಯಿತಲ್ಲ?”

ಗುರುಗಳೆಂದರು: “ಬೆಲೆಯನ್ನು ಅವನು ಅಂಗಡಿಯಲ್ಲಿ ತಲೆ ಮುಚ್ಚಿಕೊಂಡು ಕೊಟ್ಟಿದ್ದ, ಅದರ ಹಿಂದಿನ ಅಕ್ಕರೆಯ ಮೌಲ್ಯವನ್ನು ಸಂತೆಯಲ್ಲಿ ತಲೆ ತೆರೆದು ಕೊಟ್ಟ.”