ಹೆಬ್ಬಾತಿನ ಔತಣ

ಚಳಿಗಾಲಕ್ಕೆ ಹಿಮದ ನಾಡಿನಿಂದ ಬರುವ ಹೆಬ್ಬಾತುಗಳು ಕೆರೆಯ ಬಡ ಗುಬ್ಬಿಗಳಿಗೆಂದು ಕೊಕ್ಕಿನಲ್ಲಿ ಜವೆಗೋಧಿ ತರುತ್ತಿದ್ದವು. ಆ ಕಾಳು ತುಂಬಿಡುವ ಕಣಜ ಕಾಯುವವನೂ, ಅದನ್ನು ಗುಬ್ಬಿಗಳಿಗೆ ಹಂಚಬೇಕಾದವನೂ ಹೆಗ್ಗಣ. ಬಂದವರಿಗೆ ಔತಣ ಬಡಿಸಿ, ಗುಬ್ಬಿಗಳ ಪರವಾಗಿ ತಾನೇ ವಂದನೆ ಹೇಳುತ್ತಿದ್ದ. ಆ ವಂದನೆ ಹೆಬ್ಬಾತುಗಳ ಹಿರಿಯಳಿಗೆ ಬಲು ಹಿತ. ಉಣ್ಣಿಸಿದವನ ಕಣಜಕ್ಕೆ ಇಣುಕುವುದು ಮರ್ಯಾದೆಯಲ್ಲವೆಂದು ಅವಳು ಎಂದೂ ಒಳಗೆ ನೋಡಿದವಳಲ್ಲ.

ಈ ಸಲ ತುತ್ತು ಬಾಯಿಗಿಟ್ಟವಳು ತಡೆದಳು. ನಾಲಿಗೆಗೆ ಹತ್ತಿದ್ದು ತನ್ನೂರಿನದೇ ಜವೆಗೋಧಿ! ಸೀದಾ ಗುಬ್ಬಿಗಳಿರುವ ಬೇಲಿಗೆ ಹೋಗಿ ಮುದಿ ಗುಬ್ಬಿಯೊಂದನ್ನು ಕೇಳಿದಳು: "ನಾವು ತರುವ ಕಾಳು ನಿಮಗೆ ಸಾಲುತ್ತಿದೆಯೇ?"

"ಯಾವ ಕಾಳು ತಾಯಿ? ನೀವು ಹೆಗ್ಗಣನ ನೆಂಟರೆಂದೇ ನಾವು ತಿಳಿದಿದ್ದೆವು."

"ಅವನನ್ನು ಓಡಿಸೋಣ," ಎಂದು ಕಿರಿಯ ಹೆಬ್ಬಾತುಗಳು ರೇಗಿದವು.

"ಇನ್ನೊಬ್ಬ ಬರುತ್ತಾನೆ. ಗುಬ್ಬಿಗಳನ್ನು ಒಂದು ಮಾತು ಕೇಳದೆ ಉಂಡವರು ನಾವಲ್ಲವೇ?" ಎಂದಳು ಹಿರಿಯಳು.

ಮರುವರ್ಷ ಅವಳು ಮೊದಲು ಕಣಜದ ಬಳಿ ಇಳಿಯಲಿಲ್ಲ. ಬೇಲಿಬೇಲಿಯ ಮೇಲೂ ಹಾರುತ್ತ, "ಗುಬ್ಬಿಗಳೇ, ನಿಮಗೆ ಕಾಳು ತಂದಿದ್ದೇವೆ, ಬಂದು ನೋಡಿ!" ಎಂದು ಕೂಗಿದಳು. ಕಣಜದ ಬಾಯಲ್ಲಿ ಗುಬ್ಬಿಗಳು ಕಿಕ್ಕಿರಿದವು.

"ನನ್ನ ಮೇಲೆ ನಂಬಿಕೆಯಿಲ್ಲವೇ?" ಎಂದು ಹೆಗ್ಗಣ ಮುನಿಸಿಕೊಂಡ.

"ಇದೆ. ಇಷ್ಟು ಕಣ್ಣುಗಳ ಮುಂದೆ ಇನ್ನೂ ಹೆಚ್ಚು."

ಆ ವರ್ಷ ಹೆಬ್ಬಾತುಗಳಿಗೆ ಔತಣವಿರಲಿಲ್ಲ. ವಂದನೆ ಹೇಳಲು ಗುಬ್ಬಿಗಳ ಬಾಯಿಗೂ ಬಿಡುವಿರಲಿಲ್ಲ, ಅವು ಕಾಳು ತಿನ್ನುತ್ತಿದ್ದವು. ಹಿರಿಯಳು ಕೆರೆದಂಡೆಯ ಹುಲ್ಲು ಮೇಯ್ದು, ಹೊಟ್ಟೆ ತುಂಬಿತೆಂದಳು.