ಹಳಿಯ ಮೇಲಿನ ಕುಂಕುಮ

೧೯೮೬ನೇ ಇಸವಿ ಮಾರ್ಚ್ ೯, ಭಾನುವಾರ. ನನ್ನ ಹಳೆಯ ಡೈರಿಯಲ್ಲಿ ಆ ದಿನದ ಹಾಳೆಯ ಮೇಲೆ ಇಷ್ಟೇ ಇದೆ: "ಅಜ್ಜಾರನ್ನು ಕಂಡೆ. ಲೇತಿನ ಕೆಲಸ ಕಲಿಸಿರೆಂದು ಕೇಳಿದೆ. ಆಗದು ಎನ್ನಲಿಲ್ಲ."

ಅಜ್ಜಾರು ಎಂದರೆ ಹೊಳೆಯ ದಂಡೆಯ ಆಶ್ರಮದ ಶಂಕ್ರಯ್ಯನವರು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಗಾಲಿ ಕಡೆದು, ಆಮೇಲೆ ಕಾವಿ ಉಟ್ಟವರು. ಎರಡು ಕೋಣೆ, ಒಂದು ಬಾವಿ, ಒಂದು ಬೇವಿನ ಮರ, ಅದರ ಸುತ್ತ ತೋಟ. ಆಶ್ರಮವೆಂದರೆ ಅಷ್ಟೇ.

ನನ್ನ ಗಂಡ ಅವರ ಬಳಿಯೇ ಕೆಲಸ ಕಲಿತಿದ್ದರು. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರು ಕಬ್ಬಿಣ ಕಡೆಯುತ್ತಿದ್ದ ಲೇತು ಯಂತ್ರ ಊರಿನ ಶೆಡ್ಡಿನಲ್ಲಿ ಗೋಣಿತಟ್ಟು ಹೊದ್ದು ನಿಂತಿತ್ತು. ಮೈದುನ ಸಿದ್ರಾಮಪ್ಪ ಅದನ್ನು ಮಾರುತ್ತೇನೆ ಎನ್ನುತ್ತಿದ್ದ. ನಾನು ನಡೆಸುತ್ತೇನೆ ಎನ್ನುತ್ತಿದ್ದೆ.

"ಏನು ಓದೀದಿ, ಮಹಾನಂದಾ?" ಎಂದು ಅಜ್ಜಾರು ಕೇಳಿದರು.

"ಬಿ.ಎಸ್ಸಿ. ಫಿಸಿಕ್ಸ್. ಫಸ್ಟ್ ಕ್ಲಾಸ್."

"ಫಸ್ಟ್ ಕ್ಲಾಸಿನ್ಯಾಗ ಕುಂತಾವ್ರು ಎಂಜಿನ್ ನೋಡಂಗಿಲ್ಲ."

ನಾನು ಎದ್ದು ಹೋಗಲಿಲ್ಲ.

"ಈ ತೋಟದಾಗ ಒಂದು ರೈಲು ಓಡಸು" ಎಂದರು. "ಮೊಣಕಾಲಿಗಿಂತ ಎತ್ತರ ಬ್ಯಾಡ. ಗಾಲಿ ನೀನ ಕಡೀಬೇಕು, ಹಳಿ ನೀನ ಹಾಕಬೇಕು. ಯಾರೂ ಮುಟ್ಟದಂಗ ಮೂರು ಸುತ್ತು ಬರಬೇಕು. ಅಷ್ಟಾದ್ರ ನಿನಗ ಲೇತು ಬಂತು ಅಂತ ತಿಳಿ."

ಸಿದ್ರಾಮಪ್ಪನೂ ಅಲ್ಲೇ ಇದ್ದ. ಅಜ್ಜಾರ ಮಾತಿಗೆ ಎದುರಾಡುವವನಲ್ಲ.

"ಬನ್ನಿ ಹಬ್ಬದ ಮಟ ಕಾಯ್ತೀನ್ರಿ ಅಜ್ಜಾರ" ಎಂದ. "ಮೂರು ಸುತ್ತು ಓಡಿದ್ರ ಲೇತು ವೈನೀದು. ಇಲ್ಲಾಂದ್ರ ಮರುದಿನ ನಾ ಗಾಡಿ ತರತೀನಿ."

ಮರುದಿನವೇ ನಾನು ಎಂಜಿನ್ನಿನ ನಕ್ಷೆ ಬರೆದುಕೊಂಡು ಹೋದೆ. ಅಳತೆಯೆಲ್ಲ ಕರಾರುವಾಕ್ಕಾಗಿತ್ತು.

ಅಜ್ಜಾರು ಅದನ್ನು ಮಡಚಿ ಚಹದ ಲೋಟದ ಕೆಳಗೆ ಇಟ್ಟರು. ನನ್ನ ಕೈಗೆ ಬಕೆಟ್ಟು ಕೊಟ್ಟರು.

"ಎಂಜಿನ್ ಆಮ್ಯಾಲ. ಮೊದಲ ನೆಲ. ನೀರು ಸುರುವಿ ನೋಡು, ಎಲ್ಲಿ ಹರೀತೈತಿ, ಎಲ್ಲಿ ನಿಲ್ಲತೈತಿ."

ನಾಲ್ಕು ದಿನ ನೀರು ಸುರಿದೆ. ನೀರು ನಿಲ್ಲುವ ಜಾಗಗಳಿಗೆ ಗೂಟ ಹೊಡೆದೆ. ಗೂಟ ತಪ್ಪಿಸಿ ಹಗ್ಗ ಹಾಸಿದೆ. ಬಾವಿಯ ಮೂಲೆಯಲ್ಲಿ ಹಗ್ಗ ತೀರ ಮುರುಟಿತು.

"ಎತ್ತಿನ ಗಾಡಿ ಇಲ್ಲಿ ಹೊಳ್ಳತೈತೇನು?" ಎಂದು ಅಜ್ಜಾರು ಕೇಳಿದರು.

"ಇದು ಸಣ್ಣ ರೈಲ್ರಿ."

"ಸಣ್ಣದಕ್ಕ ಸೊಂಟ ಇರಂಗಿಲ್ಲೇನು?"

ಹಗ್ಗ ಎತ್ತಿ ದೊಡ್ಡ ಸುತ್ತು ಹಾಸಿದೆ. ಎಂಬತ್ತು ಅಡಿ ಆಯಿತು. ಮಣ್ಣು ಗಟ್ಟಿ ಮಾಡಿ ಸಣ್ಣ ಜಲ್ಲಿ ಹರವಿದೆ. ಜಾಲಿ ಕಟ್ಟಿಗೆಯ ತುಂಡುಗಳನ್ನು ಅಡ್ಡ ಇಟ್ಟು, ಅವುಗಳ ಮೇಲೆ ಕಬ್ಬಿಣದ ಪಟ್ಟಿ ನಿಲ್ಲಿಸಿದೆ.

ಬೆಳಿಗ್ಗೆ ಹಳಿ, ಮಧ್ಯಾಹ್ನ ಸಿದ್ರಾಮಪ್ಪನಿಂದ ಕೀಲಿ ತಂದು ಶೆಡ್ಡಿನಲ್ಲಿ ಗಾಲಿ. ಕೆಟ್ಟ ಗಾಲಿ ಹನ್ನೊಂದು ಎಂದು ಡೈರಿಯಲ್ಲಿದೆ. ಎಡಗೈಯ ತೋರುಬೆರಳಿನ ಉಗುರು ಹೋಯಿತು ಎಂದೂ ಇದೆ.

ಪ್ರತಿ ಗಾಲಿಯನ್ನೂ ಅಜ್ಜಾರು ನೆಲದ ಮೇಲೆ ಉರುಳಿಸುತ್ತಿದ್ದರು. ಅದು ಸೊಟ್ಟಗೆ ತಿರುಗಿ ಬೀಳುತ್ತಿತ್ತು.

"ಇದು ತನ್ನ ತವರಮನಿಗೆ ಹೊಂಟೈತಿ" ಎನ್ನುತ್ತಿದ್ದರು. "ಇನ್ನೊಂದು ತಾ."

ಹನ್ನೆರಡನೆಯದು ನೆಟ್ಟಗೆ ಉರುಳಿ ಗೋಡೆಗೆ ತಾಗಿತು. ಅಜ್ಜಾರು ಇನ್ನೊಂದು ಕೇಳದೆ ಊಟಕ್ಕೆ ಎದ್ದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಎಂಜಿನ್ನಿನ ಮೈ ಸಿದ್ಧವಾಯಿತು. ತಗಡಿನ ಡಬ್ಬಿಯ ಬಾಯ್ಲರು, ಆರು ಗಾಲಿ, ಒಳಗೆ ಹಳೆಯ ಟೇಪ್ ರೆಕಾರ್ಡರಿನ ಮೋಟರು ಇಡಲು ಜಾಗ.

"ಇದಕ್ಕ ಜೀವ ಎಲ್ಲಿಂದ ತರತಿ?" ಎಂದು ಅಜ್ಜಾರು ಕೇಳಿದರು.

"ಮೋಟರ್ ಬಿಟ್ಟು ಉಗಿಯಿಂದಾನೂ ಓಡಸಬಹುದಲ್ರಿ? ಖರೇ ಎಂಜಿನ್ ಹಂಗ."

ಅವರು ಒಲೆಯ ಮೇಲೆ ಕುದಿಯುತ್ತಿದ್ದ ಚಹದ ಪಾತ್ರೆ ತೋರಿಸಿದರು.

"ಉಗಿ ನಿಲ್ಲಸು."

ನಾನು ಪಾತ್ರೆ ಇಳಿಸಿದೆ. ಉಗಿ ಬರುತ್ತಲೇ ಇತ್ತು.

"ನಿಲ್ಲವಲ್ದು."

"ಕಾಯಿಸೋದು ನಿನ್ನ ಕೈಯಾಗ. ನಿಲ್ಲೋದು ಅದರ ಕೈಯಾಗ. ನಡೀತೈತೇನು?"

"ಬ್ಯಾಡ್ರಿ."

ಕಪಾಟಿನಿಂದ ಎಂಟು ಟಾರ್ಚ್ ಸೆಲ್ಲು ತಂದು ನನ್ನ ಉಡಿಯಲ್ಲಿ ಸುರಿದರು.

"ಭಾರ ಅದಾವ್ರಿ" ಎಂದೆ. "ಮತ್ತ ಮುಗೀತಾವು."

"ಹೌದು. ಎರಡೂ ಖರೆ."

"ಹಳಿಯೊಳಗ ಕರೆಂಟ್ ಬಿಡ್ತೀನಿ. ಟ್ರಾನ್ಸ್‌ಫಾರ್ಮರ್ ಕಟ್ಟಿ ಮ್ಯಾಲ ಇರತೈತಿ. ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರಿಗೆ. ಎಂಜಿನ್ ಏನೂ ಹೊರಬೇಕಾಗಿಲ್ಲ. ಹೆಚ್ಚು ಕಡಿಮಿ ಮಾಡೋ ಗುಂಡಿ ನನ್ನ ಕೈಯಾಗ ಇರತೈತಿ."

ಈ ಮಾತು ಹೇಳುವಾಗ ನನಗೆ ಹೆಮ್ಮೆಯಾಗಿತ್ತು.

"ಹಂಗಾರ ಎಂಬತ್ತು ಅಡೀನೂ ನೀನ ಕಾಯಬೇಕು" ಎಂದರು ಅಜ್ಜಾರು.

"ಕಾಯ್ತೀನಿ."

ಕಾಯುವುದೆಂದರೆ ಏನೆಂದು ಆಮೇಲೆ ತಿಳಿಯಿತು. ಬೇವಿನ ಒಂದು ಎಲೆ ಹಳಿಗೆ ಅಂಟಿದರೆ ರೈಲು ನಿಲ್ಲುತ್ತಿತ್ತು. ಹಕ್ಕಿ ಹಿಕ್ಕೆ ಹಾಕಿದರೆ ನಿಲ್ಲುತ್ತಿತ್ತು. ಮಳೆ ಬಂದ ಮರುದಿನ ತುಕ್ಕು. ದಿನವೂ ಕುಕ್ಕರಗಾಲಿನಲ್ಲಿ ಕೂತು ಎಂಬತ್ತು ಅಡಿಯನ್ನು ಎಮರಿ ಪೇಪರಿನಿಂದ ಉಜ್ಜಿದೆ. ಆಶ್ರಮದಲ್ಲಿ ಅಡುಗೆ ಮಾಡುವ ಗುರುಶಾಂತವ್ವ ನಗುತ್ತಿದ್ದಳು.

"ಇಷ್ಟು ನನ್ನ ಬಾಂಡೆ ತಿಕ್ಕಿದ್ರ ಬೆಳ್ಳಿ ಆಗತಿದ್ವು ನೋಡವ್ವ."

ಭಾದ್ರಪದದ ಕೊನೆಯಲ್ಲಿ ಒಂದು ದಿನ ಮೂರು ಸುತ್ತು ಓಡಿತು. ನೋಡಿದವರು ಅಜ್ಜಾರು ಮತ್ತು ಗುರುಶಾಂತವ್ವ ಮಾತ್ರ. ಆಯುಧ ಪೂಜೆಯ ದಿನ ಬಂದು ನೋಡು ಎಂದು ಸಿದ್ರಾಮಪ್ಪನಿಗೆ ಹೇಳಿ ಕಳಿಸಿದೆ.

ಆ ದಿನ ಬೆಳಿಗ್ಗೆ ಆಶ್ರಮದ ಕುಡುಗೋಲು, ಗುದ್ದಲಿ, ಈಳಿಗೆ ಎಲ್ಲ ತೊಳೆದು ಕಟ್ಟೆಯ ಮೇಲೆ ಇಟ್ಟಿದ್ದೆವು. ಗುರುಶಾಂತವ್ವ ಅರಿಶಿಣ ಕುಂಕುಮದ ತಟ್ಟೆ ತಂದಳು. ಹಳಿಯ ಬಳಿ ನಾನು ಕೈ ಚಾಚಿದೆ.

ಅವಳು ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

"ನಾ ಹಚ್ಚತೀನಿ, ಯವ್ವಾ. ಗಂಡ ಇಲ್ದಾಕಿ ನೀ, ಹಚ್ಚಬಾರದು."

"ಈ ಹಳಿ ಹಾಕಿದ ಕೈ ಯಾರದು?"

"ನಿಂದ."

"ಹಂಗಾರ ತಟ್ಟಿ ಕೊಡು."

ಕೊಟ್ಟಳು. ಗಂಡ ಲೇತಿಗೆ ಮಾಡುತ್ತಿದ್ದ ಹಾಗೆ ಮೊದಲು ಎಣ್ಣೆ ಸವರಿದೆ. ಅದರ ಮೇಲೆ ಅರಿಶಿಣ, ಅದರ ಮೇಲೆ ಕುಂಕುಮ. ಅಲ್ಲೊಂದು ಇಲ್ಲೊಂದು ಬೊಟ್ಟು ಇಡಲಿಲ್ಲ. ಎಂಬತ್ತು ಅಡಿಯಲ್ಲಿ ಒಂದು ಗೇಣೂ ಬಿಡಲಿಲ್ಲ.

ಅಜ್ಜಾರು ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದರು.

ಸಂಜೆ ಸಿದ್ರಾಮಪ್ಪ ಓಣಿಯ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದ. ಹಳಿಯ ಮೇಲಿನ ಕುಂಕುಮವನ್ನೂ ಕೆಂಪಾಗಿದ್ದ ನನ್ನ ಬೆರಳುಗಳನ್ನೂ ನೋಡಿದ. ನಾನು ಗುಂಡಿ ತಿರುಗಿಸಿದೆ.

ಎಂಜಿನ್ ಕದಲಲಿಲ್ಲ.

ಪೂರ್ತಿ ತಿರುಗಿಸಿದೆ. ಟ್ರಾನ್ಸ್‌ಫಾರ್ಮರಿನ ದೀಪ ಉರಿಯುತ್ತಿತ್ತು. ಎಂಜಿನ್ ಹಳಿಯ ಮೇಲೆ ಸುಮ್ಮನೆ ನಿಂತಿತ್ತು.

ಸಿದ್ರಾಮಪ್ಪ ಮುಂದೆ ಬಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹಚ್ಚಬಾರದ ಕೈ ಹಚ್ಚಿದ್ರ ಹಿಂಗ ಆಕ್ಕತಿ, ವೈನಿ. ನಾಳೆ ಒಂದು ದಿನ ಐತಿ. ಅದನ್ನ ಒರಸಿ ನೋಡ್ರಿ."

ಅವರೆಲ್ಲ ಹೋದ ಮೇಲೆ ಅಜ್ಜಾರು ಎದ್ದು ಬಂದರು. ಹಳಿಯ ಮೇಲೆ ಹೆಬ್ಬೆರಳು ಎಳೆದು ನನ್ನ ಮುಖದ ಮುಂದೆ ಹಿಡಿದರು. ಬೆರಳು ಹಳದಿ, ಕೆಂಪು, ಎಣ್ಣೆಜಿಡ್ಡು.

ತಿಳಿಯಿತು. ಕಬ್ಬಿಣಕ್ಕೂ ಗಾಲಿಗೂ ನಡುವೆ ನಾನೇ ಒಂದು ಪದರ ಬಳಿದಿದ್ದೆ. ಕರೆಂಟು ದಾಟುವ ಹಾಗಿರಲಿಲ್ಲ. ಒಂದು ಎಲೆಗೆ ನಿಲ್ಲುವ ರೈಲಿಗೆ ಎಂಬತ್ತು ಅಡಿ ಎಣ್ಣೆ ಅರಿಶಿಣ ಬಳಿದವಳು ಫಿಸಿಕ್ಸಿನ ಫಸ್ಟ್ ಕ್ಲಾಸು.

"ನೀವು ಅಲ್ಲೇ ಕುಂತು ನೋಡಾಕತ್ತಿದ್ರಿ. ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಹಚ್ಚೋದು ಬಿಡತಿದ್ದಿ."

ಗುರುಶಾಂತವ್ವ ಸೀಮೆಎಣ್ಣೆಯನ್ನೂ ಅರಿವೆ ಚೂರನ್ನೂ ತಂದಳು.

"ಒರಸವ್ವ. ಅರ್ಧ ತಾಸಿನ ಕೆಲಸ. ನಾನೂ ಕೂಡತೀನಿ."

ಅರಿವೆ ಇಸಿದುಕೊಂಡು ಹಳಿಯ ಪಕ್ಕ ಕೂತೆ. ಒರೆಸಿದರೆ ರೈಲು ಓಡುತ್ತದೆ, ಅದರಲ್ಲಿ ಅನುಮಾನವಿರಲಿಲ್ಲ. ಲೇತು ಉಳಿಯುತ್ತದೆ. ಆದರೆ ನಾಳೆ ಸಿದ್ರಾಮಪ್ಪ ಬೋಳು ಹಳಿ ನೋಡುತ್ತಾನೆ, ಓಡುವ ರೈಲು ನೋಡುತ್ತಾನೆ. ವೈನಿ ತನ್ನ ಕುಂಕುಮ ಒರೆಸಿದಳು, ಆಮೇಲೆ ಓಡಿತು ಎಂದು ಊರಿಗೆಲ್ಲ ಹೇಳುತ್ತಾನೆ. ಅದು ಸುಳ್ಳೂ ಆಗಿರುವುದಿಲ್ಲ. ನಾಳೆಯಿಂದ ನಾನು ಮುಟ್ಟಿದ ಯಾವ ಕೆಲಸ ಕೆಟ್ಟರೂ ಇದೇ ಮಾತು ಬರುತ್ತದೆ.

ಅರಿವೆಯನ್ನು ಕೆಳಗಿಟ್ಟೆ.

"ಅಜ್ಜಾರ, ಆ ಸೆಲ್ಲು ಎಲ್ಲಿ ಇಟ್ಟೀರಿ?"

"ಭಾರ ಅಂದಿದ್ದಿ."

"ಭಾರ ಇರ್ಲಿ. ಹೊರತೈತಿ."

"ಮುಗೀತಾವು ಅಂದಿದ್ದಿ."

"ಮೂರು ಸುತ್ತಿಗೆ ಸಾಕು."

ಇನ್ನೂ ಬೆಳಕಿತ್ತು. ಗಾಲಿಗೆ ಕಟ್ಟಿದ್ದ ತಂತಿ ಕತ್ತರಿಸಿದೆ. ಬಾಯ್ಲರಿನ ಡಬ್ಬಿ ಬಿಚ್ಚಿ ಎಂಟೂ ಸೆಲ್ಲುಗಳನ್ನು ಒಳಗೆ ಜೋಡಿಸಿದೆ. ಮೋಟರಿಗೆ ಒಂದು ಸ್ವಿಚ್ಚು ಕೊಟ್ಟೆ.

"ಎಣ್ಣಿ ಮ್ಯಾಲ ಗಾಲಿ ಜಾರಿದ್ರ?" ಎಂದು ಅಜ್ಜಾರು ಕೇಳಿದರು.

"ಸೆಲ್ಲಿನ ಭಾರ ಗಾಲಿ ಮ್ಯಾಲ ಬೀಳತೈತ್ರಿ. ಅದ ಒತ್ತಿ ಹಿಡೀತೈತಿ."

"ಗುಂಡಿ?"

"ಇನ್ನ ನನ್ನ ಕೈಯಾಗ ಇಲ್ರಿ. ಬಿಟ್ಟ ಮ್ಯಾಲ ಅದರ ಓಟ ಅದಕ್ಕ."

ಅಜ್ಜಾರು ತಲೆಯಾಡಿಸಿದರು. ಒಂದು ಮಾರು ಓಡಿಸಿ ನಿಲ್ಲಿಸಿದೆ. ಸೆಲ್ಲು ಉಳಿಸಬೇಕಿತ್ತು.

ಮರುದಿನ ವಿಜಯದಶಮಿ, ಬನ್ನಿ ಹಬ್ಬ. ಸಿದ್ರಾಮಪ್ಪ ಅದೇ ನಾಲ್ಕು ಮಂದಿಯೊಡನೆ ಬಂದ. ಹಳಿಯ ಬಳಿ ಬಗ್ಗಿ ನೋಡಿದ.

"ಒರಸಿಲ್ಲ."

"ಇಲ್ಲ."

"ಛಲ ಭಾಳ ಆತು, ವೈನಿ."

"ನಿಂತು ಎಣಸು, ಸಿದ್ರಾಮಪ್ಪ."

ಎಂಜಿನ್ ಇಟ್ಟು ಸ್ವಿಚ್ಚು ಒತ್ತಿ ಕೈ ಹಿಂದೆ ಕಟ್ಟಿಕೊಂಡೆ.

ಹೊರಟಿತು. ಮೊದಲಿನಷ್ಟು ಚುರುಕಿರಲಿಲ್ಲ, ತುಂಬು ಬಸುರಿಯ ನಡಿಗೆ. ಗಾಲಿಯಡಿ ಕುಂಕುಮ ಪುಡಿಯಾಗುತ್ತ ಹೋಯಿತು. ಒಂದು ಸುತ್ತು. ಗುರುಶಾಂತವ್ವ ಒಲೆಯ ಮೇಲಿನ ಪಲ್ಯ ಬಿಟ್ಟು ಹೊರಗೆ ಬಂದಳು. ಎರಡು. ಮೂರನೆಯದರಲ್ಲಿ ಬಾವಿಯ ತಿರುವಿಗೆ ಬಂದಾಗ ಗಾಲಿ ಇದ್ದಲ್ಲೇ ಸುಮ್ಮನೆ ಸುತ್ತತೊಡಗಿತು. ಎಂಜಿನ್ ನಿಂತಂತೆಯೇ ಆಯಿತು. ಆಮೇಲೆ ಗಾಲಿ ಹಳಿಯನ್ನು ಕಚ್ಚಿತು.

ಮೂರು.

ನನ್ನ ಕಾಲ ಬಳಿ ಬಂದಾಗ ಎತ್ತಿಕೊಂಡೆ. ಆರೂ ಗಾಲಿ ಕೆಂಪಾಗಿದ್ದವು.

ಸಿದ್ರಾಮಪ್ಪ ಸೊಂಟದಿಂದ ಶೆಡ್ಡಿನ ಕೀಲಿ ತೆಗೆದು ಕಟ್ಟೆಯ ಮೇಲೆ ಇಟ್ಟ.

"ಕೊಟ್ಟ ಮಾತು ತಪ್ಪಂಗಿಲ್ಲ. ಲೇತು ನಿಮ್ಮದು."

"ದೊಡ್ಡ ಮನಸ್ಸು ನಿಂದು."

"ಇನ್ನೊಂದು ಮಾತು ಐತಿ, ವೈನಿ." ಅವನು ನನ್ನ ಮುಖ ನೋಡಲಿಲ್ಲ. "ಕಾರ್ತೀಕದಾಗ ನಮ್ಮ ರತ್ನಾನ ಮದುವಿ. ಗಂಡಿನ ಕಡೆಯವ್ರು ಹಳೇ ಮಂದಿ. ಇದು ಅವರ ಕಿವಿಗೆ ಹೋಗೇ ಹೋಗತೈತಿ. ನೀವು ಚಪ್ಪರಕ್ಕ ಬರಬ್ಯಾಡ್ರಿ."

ರತ್ನಾ ಅವನ ಮಗಳು. ಅಕ್ಷರ ತಿದ್ದಿಸಿದವಳು ನಾನು. ಪಿ.ಯು.ಸಿ. ತನಕ ಲೆಕ್ಕ ಹೇಳಿಕೊಟ್ಟವಳೂ ನಾನೇ. ನನ್ನ ಮದುವೆಯ ಇಳಕಲ್ ಸೀರೆಯನ್ನು ಅವಳಿಗೆಂದೇ ಮಡಚಿ ಇಟ್ಟಿದ್ದೆ.

"ಆಗಲಿ" ಎಂದೆ.

ಅವನು ಅಜ್ಜಾರಿಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿ ಹೋದ. ನಾಲ್ಕು ಮಂದಿಯೂ ಹಿಂದೆ ಹೋದರು.

ಗುರುಶಾಂತವ್ವ ನನ್ನ ಬೆನ್ನ ಮೇಲೆ ಕೈ ಇಟ್ಟು ಒಳಗೆ ಹೋದಳು. ಪಲ್ಯ ಸೀದ ವಾಸನೆ ಬರುತ್ತಿತ್ತು.

ನಾನು ಕಟ್ಟೆಯ ಮೇಲೆ ಕೂತು ಚೀಲದಿಂದ ಡೈರಿ ತೆಗೆದೆ. ತಾರೀಖು ಬರೆದು ಅಲ್ಲಿಗೇ ನಿಲ್ಲಿಸಿದೆ.

"ಏನು ಬರೀತಿ?" ಎಂದು ಅಜ್ಜಾರು ಕೇಳಿದರು.

"ಈ ರೈಲಿಗೆ ಏನೇನು ಖರ್ಚಾತು ಅಂತ ಬರೀಬೇಕ್ರಿ. ಹ್ಯಾಂಗ ಬರೀಲಿ ತಿಳೀವಲ್ದು."

ಅಜ್ಜಾರು ಪಕ್ಕದಲ್ಲಿ ಕೂತರು. ಒಂದೊಂದೇ ಮಾತು ಬಿಡಿಸಿ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಹೇಳಿದರು:

"ಸೆಲ್ಲು ಎಂಟು. ತಿಂಗಳು ಏಳು. ರತ್ನಾನ ಮದುವಿ ಒಂದು. ಜಾಸ್ತಿ ಬರೀಬ್ಯಾಡ, ಕಡಿಮೀನೂ ಬರೀಬ್ಯಾಡ."